ಕಲಬುರಗಿಯ ಕಾಲೋನಿ ಸಂಘಗಳಿಗೆ: ಸುದ್ದಿ, ಸೂಚನೆ, ನೆನಪೋಲೆ ಎಲ್ಲ ಮನೆಗೂ ಸಮಯಕ್ಕೆ ಮುಟ್ಟಿಸುವುದು ಹೇಗೆ?

ಏಪ್ರಿಲ್ ತಿಂಗಳಲ್ಲೇ ಆಸ್ತಿ ತೆರಿಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಸಿಗುತ್ತದೆ. ಇದು ಹೊಸ ವಿಷಯ ಅಲ್ಲ. ಆದರೂ ಮೇ ಮೊದಲ ವಾರದಲ್ಲಿ "ಮೊದಲೇ ಯಾರಾದರೂ ಹೇಳಬಾರದಿತ್ತಾ?" ಎಂದು ಕೇಳುವವರು ಪ್ರತಿ ಕಾಲೋನಿಯಲ್ಲೂ ಇರುತ್ತಾರೆ. ನಳದ ನೀರಿನ ಸಮಯ ಬದಲಾದದ್ದು ಮೂರನೇ ಗಲ್ಲಿಗೆ ಗೊತ್ತಿರುತ್ತದೆ, ಐದನೇ ಗಲ್ಲಿಗೆ ಗೊತ್ತಿರುವುದಿಲ್ಲ. ಸಭೆಗೆ ಹತ್ತು ಜನ ಬರುತ್ತಾರೆ, ಉಳಿದವರಿಗೆ ಸಭೆ ಇತ್ತು ಅನ್ನುವುದೇ ಆಮೇಲೆ ತಿಳಿಯುತ್ತದೆ.

ಸೇಡಂ ರಸ್ತೆ, ಜೇವರ್ಗಿ ರಸ್ತೆ, ಹುಮನಾಬಾದ್ ರಸ್ತೆ, ಆಳಂದ ರಸ್ತೆ, ಎಲ್ಲ ಕಡೆ ನಮ್ಮ ಊರು ಹೊರಗೆ ಬೆಳೆಯುತ್ತಿದೆ. ಹೊಸ ಬಡಾವಣೆಯಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದ ಕುಟುಂಬಗಳು ಜಾಸ್ತಿ. ಅಂಥ ಕಡೆ ಸಂಘದ ಮೊದಲ ಕೆಲಸ ಕಮಾನು ಕಟ್ಟಿಸುವುದಲ್ಲ, ಗುಡಿ ಕಟ್ಟಿಸುವುದೂ ಅಲ್ಲ. ಗೊತ್ತಾಗಬೇಕಾದ ವಿಷಯ ಗೊತ್ತಾಗಬೇಕಾದ ದಿನ ಎಲ್ಲರಿಗೂ ಗೊತ್ತಾಗುವಂತೆ ಮಾಡುವುದು. ಇಷ್ಟು ನಡೆದರೆ ಜನ ತಾವಾಗೇ ಸಭೆಗೆ ಬರುತ್ತಾರೆ, ಚಂದಾನೂ ಕೊಡುತ್ತಾರೆ. ಅದನ್ನು ಹಂತ ಹಂತವಾಗಿ ಮಾಡುವ ಬಗೆ ಇಲ್ಲಿದೆ.

ಹಂತ 1: ಸಂಘದ ಕಾಗದಪತ್ರ

ನೋಂದಣಿ ಆಗದ ಸಂಘದ ಸೂಚನೆಗೆ ತೂಕ ಇರುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ವಯಸ್ಕರು ಸೇರಿದರೆ ಸಂಘ ಕಟ್ಟಬಹುದು. ಉದ್ದೇಶಪತ್ರ, ಬೈಲಾ, ಪದಾಧಿಕಾರಿಗಳ ಪಟ್ಟಿ, ವಿಳಾಸದ ದಾಖಲೆ ಇಟ್ಟುಕೊಂಡು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಹಾಕಬೇಕು. ಆಮೇಲೆ ಸಂಘದ ಹೆಸರಲ್ಲಿ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಅದಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಈ ಕೊನೆಯದನ್ನೇ ಹೆಚ್ಚಿನ ಸಂಘಗಳು ಮರೆಯುತ್ತವೆ. ಹಾಗಾಗಿ ನಿಮ್ಮ ನೆನಪೋಲೆ (ಕೊನೆಯ ದಿನ ನೆನಪಿಸುವ ಸೂಚನೆ) ಪಟ್ಟಿಯ ಮೊದಲ ಸಾಲು ಸಂಘಕ್ಕೇ ಸೇರಿದ್ದಾಗಿರಲಿ.

ಅಪಾರ್ಟ್‌ಮೆಂಟ್ ಆದರೆ ದಾರಿ ಬೇರೆ. ಅದಕ್ಕೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಸಂಘ ಕಟ್ಟುವ ಮೊದಲು ವಕೀಲರನ್ನು ಕೇಳಿಕೊಳ್ಳಿ.

ಇನ್ನೊಂದು ವಿಷಯ. ನಿಮ್ಮ ಬಡಾವಣೆ ಮಹಾನಗರ ಪಾಲಿಕೆಗೆ ಹಸ್ತಾಂತರ ಆಗಿದೆಯಾ, ಇಲ್ಲವಾ ಎಂದು ಮೊದಲೇ ತಿಳಿದುಕೊಳ್ಳಿ. ಖಾಸಗಿ ಬಡಾವಣೆ ಇನ್ನೂ ಹಸ್ತಾಂತರ ಆಗಿಲ್ಲದಿದ್ದರೆ ಬೀದಿದೀಪ, ಚರಂಡಿ, ರಸ್ತೆಗೆ ಯಾರನ್ನು ಕೇಳಬೇಕು ಅನ್ನುವ ಉತ್ತರವೇ ಬದಲಾಗುತ್ತದೆ. ಇದು ಗೊತ್ತಿಲ್ಲದೆ ಕೊಟ್ಟ ದೂರು ಕಚೇರಿಯಿಂದ ಕಚೇರಿಗೆ ಸುತ್ತುತ್ತದೆ.

ಹಂತ 2: ಮನೆಗಳ ಪಟ್ಟಿ

ಒಂದು ಉದ್ದನೆಯ ರಿಜಿಸ್ಟರ್ ತಗೊಳ್ಳಿ. ಗಲ್ಲಿವಾರು ಮನೆ ನಂಬರ್, ಈಗ ವಾಸ ಇರುವವರ ಹೆಸರು, ಮಾಲೀಕರ ಹೆಸರು, ಒಂದು ಫೋನ್ ನಂಬರ್, ಅವರು ಓದುವ ಭಾಷೆ. ಇಷ್ಟು ಸಾಕು. ಜನ್ಮದಿನಾಂಕ, ಆಧಾರ್ ನಂಬರ್ ಎಲ್ಲ ಕೇಳಬೇಡಿ. ಅದು ಸಂಘಕ್ಕೆ ಬೇಕಿಲ್ಲ, ಇಟ್ಟುಕೊಂಡರೆ ಹೊಣೆ ನಿಮ್ಮ ಮೇಲೆ.

ಬಾಡಿಗೆಯವರನ್ನು ಬಿಡಬೇಡಿ. ನಮ್ಮ ಊರಲ್ಲಿ ಇಂಜಿನಿಯರಿಂಗ್, ಮೆಡಿಕಲ್ ಓದಲು ಬಂದ ಮಕ್ಕಳು, ವರ್ಗವಾಗಿ ಬಂದ ನೌಕರರು ತುಂಬಾ ಇದ್ದಾರೆ. ನೀರು ಬಾರದಿದ್ದರೆ ಅವರಿಗೂ ಅಷ್ಟೇ ಕಷ್ಟ. ಕಸ ಬೇರ್ಪಡಿಸಬೇಕು ಎಂದು ಮಾಲೀಕರಿಗೆ ಹೇಳಿ ಪ್ರಯೋಜನ ಇಲ್ಲ, ಕಸ ಹಾಕುವವರು ಬಾಡಿಗೆಯವರು.

ಖಾಲಿ ಸೈಟಿನ ಮಾಲೀಕರಿಗೂ ಒಂದು ಪುಟ ಇರಲಿ. ಹೈದರಾಬಾದಿನಲ್ಲೋ ಬೆಂಗಳೂರಲ್ಲೋ ಇರುತ್ತಾರೆ, ಸೈಟಿನಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿರುತ್ತದೆ. ನಮ್ಮದು ಎರೆ ಭೂಮಿ. ಒಂದು ಜೋರು ಮಳೆ ಬಂದರೆ ತಗ್ಗಿನಲ್ಲಿ ನಿಂತ ನೀರು ಬೇಗ ಇಂಗುವುದಿಲ್ಲ. ಜೂನ್‌ಗೆ ಮೊದಲೇ ಅವರಿಗೆ ಒಂದು ಪತ್ರ, ಜೊತೆಗೆ ಸೈಟಿನ ಇವತ್ತಿನ ಫೋಟೋ ಕಳಿಸಿ. ಬೈಗುಳಕ್ಕಿಂತ ಫೋಟೋ ಬೇಗ ಕೆಲಸ ಮಾಡುತ್ತದೆ.

ಹಂತ 3: ಮೂರು ಬಗೆ ಮಾಡಿಕೊಳ್ಳಿ

ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದರೆ ಜನ ಯಾವುದನ್ನೂ ಕೇಳುವುದಿಲ್ಲ. ಆದ್ದರಿಂದ ವಿಷಯಗಳನ್ನು ಮೂರಾಗಿ ವಿಂಗಡಿಸಿ.

ತುರ್ತು: ಇವತ್ತು ಕರೆಂಟ್ ಇಲ್ಲ, ಪೈಪ್ ಒಡೆದಿದೆ, ಹಾವು ಬಂದಿದೆ, ಮಗು ಕಾಣುತ್ತಿಲ್ಲ. ಗೊತ್ತಾದ ಕೂಡಲೇ ಹೇಳಬೇಕು. ಸಾಲು ಎರಡೇ ಇರಲಿ.

ನೆನಪೋಲೆ: ಕೊನೆಯ ದಿನ ಇರುವಂಥವು. ತೆರಿಗೆ, ನಿರ್ವಹಣಾ ಶುಲ್ಕ, ಮತದಾರರ ಪಟ್ಟಿ, ಸಭೆ. ಇದನ್ನು ಮೂರು ಸಲ ಹೇಳಿ: 15 ದಿನ ಮೊದಲು, 3 ದಿನ ಮೊದಲು, ಕೊನೆಯ ದಿನ ಬೆಳಗ್ಗೆ. ಅದಕ್ಕಿಂತ ಜಾಸ್ತಿ ಬೇಡ.

ಸುದ್ದಿ: ಪಾರ್ಕಿಗೆ ಬೆಂಚು ಬಂತು, ಹತ್ತನೇ ತರಗತಿಯಲ್ಲಿ ಒಳ್ಳೆ ಅಂಕ ಬಂದ ಮಕ್ಕಳು, ಯಾರದೋ ಮನೆಯಲ್ಲಿ ಸಾವು, ಹೊಸದಾಗಿ ಬಂದ ಕುಟುಂಬ, ಕಳೆದ ತಿಂಗಳ ಖರ್ಚು. ಇವನ್ನೆಲ್ಲ ಸೇರಿಸಿ ತಿಂಗಳಿಗೆ ಒಂದೇ ಹಾಳೆ ಮಾಡಿ, ಪ್ರತಿ ತಿಂಗಳು 1ನೇ ತಾರೀಖಿಗೆ ತನ್ನಿ. ತಾರೀಖು ತಪ್ಪಿಸಬೇಡಿ. ಎರಡು ತಿಂಗಳು ತಪ್ಪಿದರೆ ಜನ ಕಾಯುವುದನ್ನೇ ಬಿಡುತ್ತಾರೆ. ಸಾವಿನ ಸುದ್ದಿಗೆ ಮಾತ್ರ 1ನೇ ತಾರೀಖು ಕಾಯಬೇಡಿ.

ಹಂತ 4: ಮುಟ್ಟಿಸುವ ದಾರಿ

ವಾಟ್ಸ್‌ಆ್ಯಪ್ ಗ್ರೂಪ್ ಎಲ್ಲರಿಗೂ ಇದೆ. ತೊಂದರೆ ಏನೆಂದರೆ ನೀರಿನ ಸೂಚನೆ ಮೇಲೆ ಐವತ್ತು ಶುಭೋದಯ ಬಂದು ಕೂತಿರುತ್ತವೆ. ಹಾಗಾಗಿ ಎರಡು ಗ್ರೂಪ್ ಮಾಡಿ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವ ಸೆಟ್ಟಿಂಗ್ ಇರಲಿ, ಅದು ಸೂಚನೆಗೆ. ಇನ್ನೊಂದು ಮಾತುಕತೆಗೆ. ಸೂಚನೆ ಗ್ರೂಪಿನಲ್ಲಿ ಹಬ್ಬದ ಶುಭಾಶಯವನ್ನೂ ಹಾಕಬೇಡಿ. ಅಲ್ಲಿ ಫೋನ್ ಸದ್ದು ಮಾಡಿದರೆ ಏನೋ ಮುಖ್ಯ ಇದೆ ಎಂದು ಜನ ನಂಬಬೇಕು.

ಗೇಟಿನ ಬಳಿಯೋ ಪಾರ್ಕಿನ ಬಳಿಯೋ ಒಂದು ಫಲಕ ಇರಲೇಬೇಕು. ನಮ್ಮ ಬಿಸಿಲಿಗೆ ಸಾದಾ ಮುದ್ರಣ ಎರಡೇ ವಾರದಲ್ಲಿ ಬಿಳಿಚಿಕೊಳ್ಳುತ್ತದೆ. ನೆರಳು ಬೀಳುವ ಗೋಡೆ ನೋಡಿ, ಗಾಜಿನ ಬಾಗಿಲಿರುವ ಪೆಟ್ಟಿಗೆ ಹಾಕಿಸಿ. ಅಕ್ಷರ ದಪ್ಪ ಇರಲಿ, ಹಿರಿಯರು ಕನ್ನಡಕ ಇಲ್ಲದೆ ಓದುವಷ್ಟು.

ಭಾಷೆಯ ಬಗ್ಗೆ ನನ್ನದು ಸ್ಪಷ್ಟ ಅಭಿಪ್ರಾಯ. ಮೂಲ ಸೂಚನೆ ಕನ್ನಡದಲ್ಲೇ ಇರಬೇಕು. ಆದರೆ ನಮ್ಮ ಗಲ್ಲಿಗಳಲ್ಲಿ ಉರ್ದು, ದಖನಿ ಮಾತಾಡುವ ಮನೆಗಳು ಎಷ್ಟೋ ಇವೆ. ಮರಾಠಿ, ತೆಲುಗಿನವರೂ ಇದ್ದಾರೆ. ಅದೇ ಸೂಚನೆಯನ್ನು ಅರ್ಧ ನಿಮಿಷದ ಧ್ವನಿ ಸಂದೇಶವಾಗಿ ಕನ್ನಡದಲ್ಲಿ ಒಮ್ಮೆ, ದಖನಿಯಲ್ಲಿ ಒಮ್ಮೆ ಕಳಿಸಿ. ಓದಲು ಬಾರದ ಅಜ್ಜಿಗೂ, ಮನೆಗೆಲಸದವರಿಗೂ, ವಾಚ್‌ಮನ್‌ಗೂ ಮುಟ್ಟುತ್ತದೆ. ಕಸದ ಗಾಡಿ ಸಮಯ ನಿಜವಾಗಿ ತಿಳಿಯಬೇಕಾದದ್ದು ಅವರಿಗೇ ಅಲ್ವಾ?

ಫೋನ್ ಇಲ್ಲದ ಮನೆಗಳಿಗೆ ಗಲ್ಲಿಗೊಬ್ಬರನ್ನು ನೇಮಿಸಿ. ನಿವೃತ್ತ ಮೇಷ್ಟ್ರುಗಳು, ಮನೆಯಲ್ಲೇ ಇರುವ ಹೆಣ್ಣುಮಕ್ಕಳು ಈ ಕೆಲಸ ಚೆನ್ನಾಗಿ ಮಾಡುತ್ತಾರೆ. ಕಮಿಟಿಯಲ್ಲೂ ಅವರಿಗೆ ಜಾಗ ಕೊಡಿ. ಯಾವ ಮನೆಗೆ ಯಾವಾಗ ನೀರು ಬರುತ್ತದೆ ಎಂದು ಅಧ್ಯಕ್ಷರಿಗಿಂತ ಅವರಿಗೇ ಸರಿಯಾಗಿ ಗೊತ್ತು.

ಹಂತ 5: ಸೂಚನೆ ಬರೆಯುವ ರೀತಿ

"ಎಲ್ಲಾ ನಿವಾಸಿಗಳ ಗಮನಕ್ಕೆ ತರಬಯಸುವುದೇನೆಂದರೆ" ಎಂದು ಶುರುಮಾಡಬೇಡಿ. ಮೊದಲ ಸಾಲಿನಲ್ಲೇ ಏನು, ಯಾವಾಗ, ಎಲ್ಲಿ ಬಂದುಬಿಡಬೇಕು. ಆಮೇಲೆ ಓದುವವರು ಏನು ಮಾಡಬೇಕು. ಕೊನೆಗೆ ಯಾರನ್ನು ಕೇಳಬೇಕು. ಒಂದು ಮಾದರಿ ನೋಡಿ:

"ನಾಳೆ ಗುರುವಾರ ಬೆಳಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ 1ರಿಂದ 4ನೇ ಗಲ್ಲಿಗೆ ಕರೆಂಟ್ ಇರುವುದಿಲ್ಲ. ಲೈನಿಗೆ ತಾಗುವ ಟೊಂಗೆ ಕಡಿಯುವ ಕೆಲಸ ಇದೆ. 10 ಗಂಟೆ ಒಳಗೆ ನೀರು ಏರಿಸಿಕೊಳ್ಳಿ. ಮನೆಯಲ್ಲಿ ಆಕ್ಸಿಜನ್ ಯಂತ್ರ ಬಳಸುವ ರೋಗಿಗಳಿದ್ದರೆ ಇವತ್ತೇ ಗಲ್ಲಿ ಪ್ರತಿನಿಧಿಗೆ ತಿಳಿಸಿ."

ಇದರಲ್ಲಿ ಒಂದು ಪದವೂ ಸುಮ್ನೆ ಬಂದಿಲ್ಲ. ವಾರದ ಹೆಸರು ಇದೆ, ಗಲ್ಲಿ ನಂಬರ್ ಇದೆ, ಕಾರಣ ಇದೆ. ಕಾರಣ ಹೇಳುವುದು ಬಹಳ ಮುಖ್ಯ. ಕಾರಣ ಗೊತ್ತಾದರೆ ನಾಲ್ಕು ತಾಸು ಸೆಕೆ ತಡೆದುಕೊಳ್ಳುವವರು, ಗೊತ್ತಾಗದಿದ್ದರೆ ಹತ್ತು ನಿಮಿಷಕ್ಕೇ ಸಿಟ್ಟಾಗುತ್ತಾರೆ.

ನಿರ್ವಹಣಾ ಶುಲ್ಕ ಬಾಕಿ ಇಟ್ಟವರ ಹೆಸರನ್ನು ಫಲಕದಲ್ಲಿ ಹಾಕುವ ಸಂಘಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದಿರಬಹುದು, ಸಂಬಳ ನಿಂತಿರಬಹುದು. ಬಾಕಿ ಎಷ್ಟು ಮನೆಯದು, ಒಟ್ಟು ಎಷ್ಟು ರೂಪಾಯಿ ಎಂದಷ್ಟೇ ಹಾಳೆಯಲ್ಲಿ ಹಾಕಿ. ಹೆಸರು ಹಿಡಿದು ಹೇಳುವುದಿದ್ದರೆ ಖಜಾಂಚಿ ಆ ಮನೆಗೇ ಹೋಗಿ ಕೂತು ಮಾತಾಡಲಿ. ಜೊತೆಗೆ ಬಂದ ಹಣ ಎಲ್ಲಿ ಹೋಯಿತು ಎಂದು ಪ್ರತಿ ತಿಂಗಳು ಬರೆಯಿರಿ. ವಾಚ್‌ಮನ್ ಸಂಬಳ, ಬಲ್ಬು, ಪಾರ್ಕಿನ ನೀರು, ಬ್ಯಾಂಕಿನಲ್ಲಿ ಉಳಿದದ್ದು. ಖರ್ಚು ಕಣ್ಣಿಗೆ ಕಂಡರೆ ಕೊಡಲು ಜನರಿಗೆ ಬೇಸರ ಇರುವುದಿಲ್ಲ.

ಹಂತ 6: ವರ್ಷದ ಪಟ್ಟಿ

ವರ್ಷವಿಡೀ ಬರುವ ನೆನಪೋಲೆಗಳನ್ನು ಒಂದೇ ಸಲ ಕೂತು ಬರೆದಿಡಿ. ನಮ್ಮ ಊರಿಗೆ ಹೊಂದುವ ಪಟ್ಟಿ ಹೀಗಿರಬಹುದು.

ಮಾರ್ಚ್: ಕೂಲರ್ ಹೊರಗೆ ಬರುವ ತಿಂಗಳು. ವೈರ್, ಪ್ಲಗ್, ಅರ್ಥಿಂಗ್ ನೋಡಿಸಿ, ನೀರು ತುಂಬುವಾಗ ಸ್ವಿಚ್ ಆರಿಸಿ ಪ್ಲಗ್ ಕೀಳಿ ಎಂದು ಹೇಳಿ. ಕಬ್ಬಿಣದ ಕೂಲರ್ ಇರುವ ಮನೆಗಳಿಗೆ ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ. ತೇರಿನ ದಿನ ಆ ಕಡೆಯ ರಸ್ತೆಗಳಲ್ಲಿ ವಾಹನ ಸಂಚಾರ ಬದಲಾಗುತ್ತದೆ, ಅದನ್ನು ಮೊದಲೇ ತಿಳಿಸಿ. ಪರೀಕ್ಷೆಯ ಕಾಲವೂ ಇದೇ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಮದುವೆ ಮನೆಯವರಿಗೆ ಮೊದಲೇ ಪ್ರೀತಿಯಿಂದ ಹೇಳಿ.

ಏಪ್ರಿಲ್: ಆಸ್ತಿ ತೆರಿಗೆ. 1ನೇ ತಾರೀಖಿನ ಹಾಳೆಯಲ್ಲೇ ದೊಡ್ಡದಾಗಿ ಹಾಕಿ. ಕೆಲವು ವರ್ಷ ಸರ್ಕಾರ ರಿಯಾಯಿತಿ ಗಡುವು ವಿಸ್ತರಿಸಿದ್ದುಂಟು, ಅದನ್ನು ನಂಬಿ ಕೂರಬೇಡಿ. ಹಿರಿಯರಿಗೆ ಆನ್‌ಲೈನ್‌ನಲ್ಲಿ ಕಟ್ಟಿಕೊಡಲು ಕಾಲೋನಿಯ ಕಾಲೇಜು ಹುಡುಗರನ್ನು ಒಂದು ಭಾನುವಾರ ಕೂರಿಸಿ. ರಸೀದಿ ಪ್ರಿಂಟ್ ತೆಗೆದು ಕೊಡಲಿ. ಖಾತಾ ಕೆಲಸಕ್ಕೆ, ಸಾಲಕ್ಕೆ ಅದು ಬೇಕಾಗುತ್ತದೆ. ಇನ್ನೊಂದು ಮಾತು. ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಸಾಮಾನ್ಯವಾಗಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಮಧ್ಯಾಹ್ನ 3ಕ್ಕೆ ಹೋಗಿ ಬೀಗ ನೋಡಿ ಬರುವವರು ಈಗಲೂ ಇದ್ದಾರೆ. ಆದೇಶ ಬಂದ ದಿನವೇ ಹಾಕಿ.

ಮೇ: ಬಿಸಿಲು 42, 43 ಡಿಗ್ರಿ ದಾಟುವ ದಿನಗಳು. ಬೆಳಗ್ಗೆ 11ರಿಂದ 4ರವರೆಗೆ ಹೊರಗೆ ಹೋಗುವುದು ಕಡಿಮೆ ಮಾಡಲು ಹೇಳಿ. ಒಬ್ಬರೇ ಇರುವ ಹಿರಿಯರ ಮನೆಗೆ ಗಲ್ಲಿ ಪ್ರತಿನಿಧಿ ದಿನಕ್ಕೊಮ್ಮೆ ಫೋನ್ ಮಾಡಲಿ. ಪೌರಕಾರ್ಮಿಕರಿಗೆ, ಡೆಲಿವರಿ ಹುಡುಗರಿಗೆ ಗೇಟಿನಲ್ಲಿ ಒಂದು ಅರವಟಿಗೆ ಇಡಿ. ಬೆವರು ನಿಂತು, ಮೈ ಸುಟ್ಟು, ಮಾತು ತೊದಲಿದರೆ ಅದು ಉಷ್ಣಾಘಾತ. ನೆರಳಿಗೆ ತಂದು, ಮೈಮೇಲೆ ನೀರು ಹಾಕಿ, ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಈ ಮೂರು ಸಾಲು ಮೇ ತಿಂಗಳ ಫಲಕದಲ್ಲಿ ಇರಲೇಬೇಕು.

ರಜೆಗೆ ಊರಿಗೆ ಹೋಗುವವರು "ನಾವು ಒಂದು ವಾರ ಇರುವುದಿಲ್ಲ" ಎಂದು ಗ್ರೂಪಿನಲ್ಲಿ ಬರೆಯದಂತೆ ಹೇಳಿ. ಪಕ್ಕದ ಮನೆಗೆ, ಬೀಟ್ ಪೊಲೀಸರಿಗೆ ತಿಳಿಸಿದರೆ ಸಾಕು. ಚರಂಡಿ ಹೂಳು ತೆಗೆಸುವ ಅರ್ಜಿ, ಲೈನಿಗೆ ತಾಗುವ ಟೊಂಗೆ ಕಡಿಸಲು ಕರೆಂಟ್ ಕೊಡುವ ಜೆಸ್ಕಾಂಗೆ ಪತ್ರ, ಎರಡೂ ಮೇ ಮೊದಲ ವಾರದಲ್ಲೇ ಹೋಗಬೇಕು. ಮಳೆ ಬಂದ ಮೇಲೆ ಎಲ್ಲ ಕಾಲೋನಿಯವರೂ ಒಟ್ಟಿಗೆ ಕೇಳುತ್ತಾರೆ.

ಜೂನ್‌ನಿಂದ ಅಕ್ಟೋಬರ್: ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಡೆಂಗೆ ವಿಷಯ ಇದೆ. ನಮ್ಮ ಊರಿಗೆ ಭೀಮಾ ಮತ್ತು ಬೆಣ್ಣೆತೊರಾದಿಂದ ನೀರು ಬರುತ್ತದೆ. ಹೆಚ್ಚಿನ ಗಲ್ಲಿಗಳಲ್ಲಿ ಅದು ದಿನಾ ಬರುವುದಿಲ್ಲ. ಹಾಗಾಗಿ ಮನೆ ಮನೆಯಲ್ಲೂ ಸಂಪು, ಡ್ರಮ್ಮು, ಸಿಂಟೆಕ್ಸು, ಕೊಡ. "ನೀರು ಸಂಗ್ರಹಿಸಬೇಡಿ" ಎಂದು ಪೋಸ್ಟರ್ ಅಂಟಿಸಿದರೆ ಯಾರು ಕೇಳುತ್ತಾರೆ? ಕೇಳಬೇಕಾಗೂ ಇಲ್ಲ. ಹೇಳಬೇಕಾದದ್ದು ಬೇರೆ. ಡೆಂಗೆ ಹರಡುವ ಈಡಿಸ್ ಸೊಳ್ಳೆ ಚರಂಡಿಯಲ್ಲಲ್ಲ, ನಿಂತ ಸ್ವಚ್ಛ ನೀರಲ್ಲಿ ಮೊಟ್ಟೆ ಇಡುತ್ತದೆ. ಕಚ್ಚುವುದು ಹಗಲು ಹೊತ್ತು. ಮೊಟ್ಟೆಯಿಂದ ಸೊಳ್ಳೆ ಆಗಲು ಸುಮಾರು 7ರಿಂದ 10 ದಿನ ಬೇಕು. ಅಂದರೆ ವಾರಕ್ಕೊಮ್ಮೆ ಪಾತ್ರೆ ಖಾಲಿ ಮಾಡಿದರೆ ಸೊಳ್ಳೆ ಆಗುವುದೇ ಇಲ್ಲ. ಆದರೆ ಸುಮ್ನೆ ಚೆಲ್ಲಿದರೆ ಸಾಲದು. ಮೊಟ್ಟೆ ಪಾತ್ರೆಯ ಒಳಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಬ್ರಷ್‌ನಿಂದ ಉಜ್ಜಲೇಬೇಕು.

ಬೇಸಿಗೆ ಮುಗಿದ ಮೇಲೆ ಅಂಗಳದ ಮೂಲೆಯಲ್ಲಿ ಬಿಟ್ಟ ಕೂಲರ್‌ನ ತಳ, ಫ್ರಿಜ್ ಹಿಂದಿನ ತಟ್ಟೆ, ಹಕ್ಕಿಗೆ ಇಟ್ಟ ಬಟ್ಟಲು, ಮೇಲ್ಛಾವಣಿಯ ಹಳೆ ಟೈರು, ಮುಚ್ಚಳ ಸರಿಯಿಲ್ಲದ ಸಂಪು, ಇವನ್ನು ಹೆಸರು ಹಿಡಿದು ಬರೆಯಿರಿ. ಶುಕ್ರವಾರವೋ ಭಾನುವಾರವೋ ಇಡೀ ಕಾಲೋನಿಗೆ ಒಂದೇ "ಒಣ ದಿನ" ಇಟ್ಟುಕೊಳ್ಳಿ. ಆ ದಿನ ನೀರು ಬರುವ ಹಿಂದಿನ ದಿನವಾಗಿದ್ದರೆ ಇನ್ನೂ ಒಳ್ಳೆಯದು. ಡ್ರಮ್ಮು ಹೇಗೂ ಖಾಲಿ ಇರುತ್ತದೆ, ಯಾರಿಗೂ ನೀರು ಚೆಲ್ಲಿದ ಸಂಕಟ ಇರುವುದಿಲ್ಲ. ಇಂಥ ಸಣ್ಣ ಹೊಂದಾಣಿಕೆಯಿಂದಲೇ ಸೂಚನೆ ಪಾಲನೆ ಆಗುತ್ತದೆ. ಜ್ವರ ಬಂದರೆ ತಾವೇ ನೋವಿನ ಮಾತ್ರೆ ನುಂಗದೆ ವೈದ್ಯರ ಬಳಿ ಹೋಗಲು ಹೇಳಿ. ಆಸ್ಪಿರಿನ್, ಐಬುಪ್ರೊಫೆನ್ ಡೆಂಗೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಗಣೇಶ ಹಬ್ಬಕ್ಕೆ ಒಂದು ತಿಂಗಳು ಮೊದಲೇ ಪೆಂಡಾಲ್ ಅನುಮತಿ, ತಾತ್ಕಾಲಿಕ ಕರೆಂಟ್ ಅರ್ಜಿ, ಮಣ್ಣಿನ ಮೂರ್ತಿ. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ದಿನದ ಧ್ವಜಾರೋಹಣ. 1948ರಲ್ಲಿ ಈ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ಕತೆಯನ್ನು ಕಾಲೋನಿಯ ಹಿರಿಯರಿಂದ ಮಕ್ಕಳಿಗೆ ಹೇಳಿಸಿ.

ನವೆಂಬರ್: ಪಿಂಚಣಿದಾರರ ಜೀವನ ಪ್ರಮಾಣಪತ್ರ. ಕೇಂದ್ರ ಸರ್ಕಾರದ ಪಿಂಚಣಿದಾರರು ನವೆಂಬರ್‌ನಲ್ಲಿ ಕೊಡಬೇಕು, 80 ದಾಟಿದವರು ಅಕ್ಟೋಬರ್‌ನಿಂದಲೇ ಕೊಡಬಹುದು. ಫೋನ್‌ನಲ್ಲಿ ಮುಖ ತೋರಿಸಿ ಮಾಡುವ ವ್ಯವಸ್ಥೆ ಈಗ ಇದೆ. ನಡೆಯಲಾಗದವರ ಮನೆಗೆ ಹೋಗಿ ಮಾಡಿಸಿಕೊಡಿ. ಮತದಾರರ ಪಟ್ಟಿಯ ನೆನಪೋಲೆಯೂ ಈ ಹೊತ್ತಿಗೇ: ಹೊಸಬರಿಗೆ ನಮೂನೆ 6, ಮನೆ ಬದಲಾದವರಿಗೆ ನಮೂನೆ 8.

ಕಸದ ಸೂಚನೆಗೆ ತಿಂಗಳಿಲ್ಲ, ವರ್ಷವಿಡೀ ಇರಬೇಕು. ಹಸಿ, ಒಣ ಎಂದೆಲ್ಲ ಮನೆಯಲ್ಲೇ ಬೇರ್ಪಡಿಸುವುದು 2016ರ ನಿಯಮಗಳ ಕಾಲದಿಂದಲೇ ಕಡ್ಡಾಯ. ಬೀದಿ ನಾಯಿಗಳ ವಿಷಯವೂ ಹಾಗೆ. ಊಟ ಹಾಕುವವರು, ಬೇಡ ಎನ್ನುವವರು ಜಗಳಕ್ಕೆ ನಿಲ್ಲುತ್ತಾರೆ. ಮಕ್ಕಳು ಆಡುವ ಜಾಗದಿಂದ, ಗೇಟಿನಿಂದ ದೂರ ಒಂದು ಜಾಗ, ಒಂದು ಸಮಯ ಗೊತ್ತುಮಾಡುವ ಹೊಣೆಯನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ನಿವಾಸಿ ಸಂಘಕ್ಕೇ ಕೊಟ್ಟಿವೆ. ಅದನ್ನು ಸಭೆಯಲ್ಲಿ ತೀರ್ಮಾನಿಸಿ, ಬರೆದು ಹಾಕಿ.

ಹಂತ 7: ಖಾತ್ರಿ ಇಲ್ಲದೆ ಹಾಕಬೇಡಿ

"ಇವತ್ತು ರಾತ್ರಿ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಈ ನಂಬರಿಗೆ ಫೋನ್ ಮಾಡಿ" ಎಂಬ ಸಂದೇಶ ಮೋಸಗಾರರದ್ದು. ಅದನ್ನು ಒಳ್ಳೆಯ ಮನಸ್ಸಿನಿಂದಲೇ ಯಾರೋ ಗ್ರೂಪಿಗೆ ಹಾಕುತ್ತಾರೆ, ಇನ್ಯಾರೋ ಹಣ ಕಳೆದುಕೊಳ್ಳುತ್ತಾರೆ. ಸೂಚನೆ ಗ್ರೂಪಿಗೆ ಏನೇ ಹಾಕುವ ಮೊದಲು ಇಬ್ಬರು ನೋಡಬೇಕು, ಮತ್ತು ಆ ಕಚೇರಿಗೆ ಒಂದು ಫೋನ್ ಮಾಡಿ ಕೇಳಿರಬೇಕು. ತಪ್ಪು ಹೋಗಿಬಿಟ್ಟರೆ ಸುಮ್ಮನೆ ಅಳಿಸಬೇಡಿ. "ಬೆಳಗ್ಗೆ ಹಾಕಿದ ಸಮಯ ತಪ್ಪು, ಸರಿಯಾದದ್ದು ಇದು" ಎಂದು ಹೊಸದಾಗಿ ಹಾಕಿ. ಹಣ ಹೋದವರು ತಕ್ಷಣ 1930ಕ್ಕೆ ಫೋನ್ ಮಾಡಬೇಕು ಎಂದು ಫಲಕದಲ್ಲಿ ಕಾಯಂ ಆಗಿ ಬರೆದಿಡಿ. ಅದರ ಪಕ್ಕದಲ್ಲೇ ಪೊಲೀಸ್, ಅಗ್ನಿಶಾಮಕ ಸೇರಿ ತುರ್ತಿಗೆ 112, ಆಂಬುಲೆನ್ಸ್ 108, ಕರೆಂಟ್ ದೂರು 1912, ಸರ್ಕಾರದ ಕುಂದುಕೊರತೆ ಸಹಾಯವಾಣಿ 1902.

ಹಂತ 8: ದೂರು ಕೊಟ್ಟ ಮೇಲೆ

ಬೀದಿದೀಪ ಕೆಟ್ಟಿದೆ ಎಂದು ನಲವತ್ತು ಜನ ಗ್ರೂಪಿನಲ್ಲಿ ಬರೆಯುತ್ತಾರೆ, ದೂರು ಕೊಟ್ಟವರು ಒಬ್ಬರೂ ಇರುವುದಿಲ್ಲ. ಕಂಬದ ನಂಬರ್ ಬರೆದುಕೊಂಡು ದೂರು ಕೊಡಿ, ದೂರಿನ ಸಂಖ್ಯೆ ತಗೊಳ್ಳಿ, ಅದನ್ನೇ ತಾರೀಖಿನ ಸಮೇತ ಫಲಕದಲ್ಲಿ ಹಾಕಿ. ಸರಿಯಾದ ದಿನ ಅದರ ಮುಂದೆ ಗುರುತು ಹಾಕಿ. ಕೆಲಸ ಮಾಡಿದ ಲೈನ್‌ಮನ್‌ಗೆ, ಪೌರಕಾರ್ಮಿಕರಿಗೆ ತಿಂಗಳ ಹಾಳೆಯಲ್ಲಿ ಒಂದು ಸಾಲು ಧನ್ಯವಾದ ಬರೆಯಿರಿ. ಅದರ ಒಂದು ಪ್ರತಿ ಅವರ ಕೈಗೂ ಕೊಡಿ.

ತಿಂಗಳುಗಟ್ಟಲೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. "ನಮ್ಮ ಬಡಾವಣೆಯ ಪಾರ್ಕ್ ಎಂದು ನಕ್ಷೆಯಲ್ಲಿ ತೋರಿಸಿದ ಜಾಗದ ಅಳತೆ ಎಷ್ಟು? ಆ ನಕ್ಷೆಯ ಪ್ರತಿ ಕೊಡಿ" ಎಂಬಷ್ಟು ನೇರ ಪ್ರಶ್ನೆ ಸಾಕು. ನಕ್ಷೆ ಕೈಗೆ ಬಂದರೆ ಒತ್ತುವರಿ ಬಗ್ಗೆ ಮಾತಾಡಲು ಆಧಾರ ಸಿಗುತ್ತದೆ. ಅದರ ಪ್ರತಿಯನ್ನೂ ಫಲಕದಲ್ಲಿ ಹಾಕಿ.

ಹಂತ 9: ಮುಂದಿನ ಕಮಿಟಿಗೆ ಒಪ್ಪಿಸುವಾಗ

ಕಮಿಟಿ ಬದಲಾದಾಗ ಎಲ್ಲ ಮತ್ತೆ ಮೊದಲಿಂದ ಶುರುವಾಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಹಳೇ ಕಾರ್ಯದರ್ಶಿಯ ಫೋನ್‌ನಲ್ಲೇ ಗ್ರೂಪ್, ಅವರ ಮನೆಯಲ್ಲೇ ರಿಜಿಸ್ಟರ್. ಅದಕ್ಕೇ ಮೊದಲ ದಿನವೇ ಸಂಘದ ಖರ್ಚಿನಲ್ಲಿ ಒಂದು ಸಿಮ್, ವಾಟ್ಸ್‌ಆ್ಯಪ್ ನಡೆಯುವ ಒಂದು ಸಾದಾ ಫೋನ್ ತಗೊಳ್ಳಿ. ಗ್ರೂಪ್ ಆ ನಂಬರಿನಲ್ಲೇ ಶುರುವಾಗಲಿ. ಸರ್ವಸದಸ್ಯರ ಸಭೆಯಲ್ಲಿ ಎಲ್ಲರ ಎದುರು ಫೋನ್, ಮನೆಗಳ ಪಟ್ಟಿ, ವರ್ಷದ ನೆನಪೋಲೆ ಪಟ್ಟಿ, ದೂರುಗಳ ಕಡತ, ಫಲಕದ ಬೀಗದ ಕೈ, ಇಷ್ಟನ್ನೂ ಹೊಸಬರಿಗೆ ಕೊಟ್ಟು ನಡಾವಳಿಯಲ್ಲಿ ಬರೆಸಿ ಸಹಿ ಹಾಕಿಸಿ. ಹಳಬರು ಮೊದಲ ಎರಡು ತಿಂಗಳ ಹಾಳೆಗೆ ಜೊತೆಗಿದ್ದು ಸಹಾಯ ಮಾಡಲಿ.